ಹೆಚ್ಚಿಗೆ ಕೊಟ್ಟು ಹಿಡಿದ ಕೋಣೆ

ಫೆಬ್ರವರಿ ೩

ಅಕ್ಕನಿಗೆ,

ಫೋನಿನಲ್ಲಿ ಮಾತಾಡಿದರೆ ಐದನೇ ನಿಮಿಷಕ್ಕೆ ನೀನು ಕೋರ್ಟಿನ ದನಿ ತೆಗೆಯುತ್ತೀಯ, ಆರನೇ ನಿಮಿಷಕ್ಕೆ ನಾನು ಫೋನು ಇಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೊ.

ಅಪ್ಪನನ್ನು ಈಗಿರುವ ಆರೈಕೆ ಮನೆಯಿಂದ ಬೇರೆ ಕಡೆಗೆ ಸೇರಿಸಬೇಕು. ಗುಡ್ಡದ ಬದಿಯಲ್ಲಿ ಹೊಸದೊಂದು ಇದೆ. ಒಬ್ಬರಿಗೆ ಒಂದು ಕೋಣೆ. ಕಿಟಕಿಯಿಂದ ಹುಲ್ಲುಹಾಸು ಕಾಣುತ್ತದೆ, ನೆಲದ ಮೇಲೆ ನಡೆದರೆ ಸದ್ದೇ ಬರುವುದಿಲ್ಲ. ಸರ್ಕಾರ ಅಪ್ಪನ ಹೆಸರಿನಲ್ಲಿ ಕೊಡುವ ಹಣ ಈಗಿನ ಜಾಗಕ್ಕೆ ಸರಿಹೋಗುತ್ತದೆ. ಹೊಸ ಜಾಗಕ್ಕೆ ಮೇಲಿನದನ್ನು ಮನೆಯವರೇ ತಿಂಗಳು ತಿಂಗಳು ತುಂಬಿಕೊಡಬೇಕು. ಅರ್ಧ ನಾನು, ಅರ್ಧ ನೀನು. ನಿನಗೆ ಭಾರವಾದರೆ ಹೇಳು, ಮುಕ್ಕಾಲು ನಾನೇ ಹಾಕುತ್ತೇನೆ.

ಯಾಕೆ ಅಂತ ಕೇಳುತ್ತೀಯ. ಈಗಿನ ಕೋಣೆಯಲ್ಲಿ ನಾಲ್ಕು ಹಾಸಿಗೆ, ಅಪ್ಪನದು ಬಾಗಿಲ ಪಕ್ಕ. ಗೋಡೆಯ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದಿದೆ. ಮೊನ್ನೆ ಹೋದಾಗ ಅಪ್ಪನ ಎಡಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಹೆಬ್ಬೆರಳಿನಷ್ಟು ನೀಲಿ ಕಲೆ ನೋಡಿದೆ. ಲಕ್ವ ಹೊಡೆದದ್ದು ಬಲಕ್ಕೆ. ಚೆನ್ನಾಗಿರುವ ಕೈಗೆ ಆ ಪೆಟ್ಟು ಎಲ್ಲಿಂದ ಬಂತು? ಕೇಳಿದರೆ ಅಪ್ಪ "ಹೂಂ, ಹೂಂ" ಅಂದರು. ಒಂದು ವರ್ಷದಿಂದ ಅವರ ಮಾತು ಅಷ್ಟೇ ಅಲ್ಲವೇ.

ಅಲ್ಲಿ ಹಗಲು ಪಾಳಿಗೆ ನವೆಂಬರಿನಿಂದ ಒಬ್ಬ ಹೊಸ ಆರೈಕೆಯವನು ಬಂದಿದ್ದಾನೆ. ನಮ್ಮ ಓರಗೆಯವನೇ, ಕಡ್ಡಿಯಂತಿದ್ದಾನೆ. ಅಪ್ಪನಿಗೆ ತಿನ್ನಿಸುವುದು, ಬೋಳಿಸುವುದು, ಉಗುರು ಕತ್ತರಿಸುವುದು ಎಲ್ಲ ಅವನೇ. ಒಂದು ಚಮಚ ಕೊಟ್ಟು, ಗಂಟಲು ಏರಿ ಇಳಿಯುವುದನ್ನು ನೋಡಿ, ಆಮೇಲೆ ಇನ್ನೊಂದು. ನಲವತ್ತು ನಿಮಿಷ ಹೀಗೇ. ಸ್ವಂತ ಮಗ ನಾನು, ನನಗೇ ಅಷ್ಟು ತಾಳ್ಮೆ ಇಲ್ಲ. ಸಂಬಳಕ್ಕೆ ದುಡಿಯುವವನು ಇಷ್ಟು ಒಳ್ಳೆಯವನಾಗಿರುವುದು ಸಾಧ್ಯವೇ ಅಕ್ಕ? ನನಗೆ ಅವನನ್ನು ಕಂಡರೆ ಆಗುವುದಿಲ್ಲ.

ಬೇಗ ಉತ್ತರ ಬರಿ. ಕೋಣೆ ಹೆಚ್ಚು ದಿನ ಖಾಲಿ ಇರುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ ೧೪

ಪುಟ್ಟು,

ಪೂರ್ತಿ ಓದಿದೆ. ಎರಡು ಸಲ. ಈಗ ಸಿಟ್ಟು ಮಾಡಿಕೊಳ್ಳಬಹುದು ತಾನೆ?

ಮೂವತ್ತು ವರ್ಷ ಕೋರ್ಟಿನಲ್ಲಿ ಕೂತು ಜನರ ಹೇಳಿಕೆಗಳನ್ನು ಶೀಘ್ರಲಿಪಿಯಲ್ಲಿ ಇಳಿಸಿದವಳು ನಾನು. ಸಾಕ್ಷಿ ಸುಳ್ಳು ಹೇಳುವಾಗ ಕಾರಣಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ನಿಜ ಹೇಳುವವನಿಗೆ ಒಂದೇ ಕಾರಣ ಸಾಕು. ನಿನ್ನ ಕಾಗದದಲ್ಲಿ ಗೋಡೆಯ ಬಣ್ಣ ಇದೆ, ನೀಲಿ ಕಲೆ ಇದೆ, ಹುಲ್ಲುಹಾಸು ಇದೆ. ಅಕ್ಟೋಬರಿನಲ್ಲಿ ನಾನು ಬಂದಾಗಲೂ ಗೋಡೆ ಹಾಗೇ ಇತ್ತು. ಆಗ ನೀನೇ ಏನಂದೆ? "ಗೋಡೆ ನೋಡ್ಬೇಡ ಅಕ್ಕಾ, ಜನ ನೋಡು. ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ." ನಾಲ್ಕು ತಿಂಗಳಲ್ಲಿ ಬದಲಾದದ್ದು ಏನು? ನಿನ್ನ ಮಾತಿನ ಪ್ರಕಾರವೇ, ಆ ಒಬ್ಬ ಮನುಷ್ಯ ಬಂದದ್ದು.

ಅವನ ಬಗ್ಗೆ ಅರ್ಧ ಪುಟ ಬರೆದಿದ್ದೀಯ. ಅವನು ಮಾಡಿದ ತಪ್ಪು ಮಾತ್ರ ಅದರಲ್ಲಿ ಒಂದೂ ಇಲ್ಲ. ನಿಧಾನವಾಗಿ ತಿನ್ನಿಸುತ್ತಾನೆ ಅನ್ನುವುದು ದೂರೇ?

ಇನ್ನೊಂದು. ನಿನ್ನ ಭಾವನ ಅಂತ್ಯಕ್ರಿಯೆಗೆ ಬಂದಾಗ ಹೋಟೆಲಿನ ಚಹಾದ ಬೆಲೆಗೆ ಜಗಳ ತೆಗೆದ ನನ್ನ ತಮ್ಮ ಈಗ ಮುಕ್ಕಾಲು ತಾನೇ ಹಾಕುತ್ತೇನೆ ಅನ್ನುತ್ತಿದ್ದಾನೆ. ನನಗೆ ಯಾಕೋ ಕಸಿವಿಸಿಯಾಗುತ್ತಿದೆ.

ಮೇಟ್ರನ್ ಹತ್ತಿರ ಕಲೆಯ ಬಗ್ಗೆ ಕೇಳು. ಏನಂದರು ಅಂತ ಅವರ ಮಾತಿನಲ್ಲೇ ಬರಿ, ನಿನ್ನ ಮಾತಿನಲ್ಲಿ ಬೇಡ.

ಅಕ್ಕ


ಫೆಬ್ರವರಿ ೨೩

ಅಕ್ಕನಿಗೆ,

ಮೇಟ್ರನ್ ಹೇಳಿದ್ದು: "ರಕ್ತ ತೆಳುವಾಗೋ ಮಾತ್ರೆ ಕೊಡ್ತಿದೀವಲ್ಲ, ಮಂಚದ ಕಂಬಿ ತಾಕಿದ್ರೂ ನೀಲಿ ಆಗತ್ತೆ. ಪುಸ್ತಕದಲ್ಲಿ ಬರೆದಿದೆ ನೋಡಿ." ಬರೆದಿತ್ತು. ಬರೆದಿದ್ದವನು ಅವನೇ. ಪೆಟ್ಟಾದದ್ದು ಅವನ ಪಾಳಿಯಲ್ಲಿ, ಬರೆದವನೂ ಅವನು. ನಿನ್ನ ಕೋರ್ಟಿನಲ್ಲಿ ಇದನ್ನು ಒಪ್ಪುತ್ತಾರಾ?

ಅವನನ್ನು ಬೇರೆ ವಾರ್ಡಿಗೆ ಹಾಕಿ ಅಂದೆ. ಮೇಟ್ರನ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬೇರೆ ಮನೆಯವರು ಅವನನ್ನ ನಮ್ಮ ವಾರ್ಡಿಗೆ ಹಾಕಿ ಅಂತ ಕೇಳ್ತಾರೆ. ನಿಮ್ಮದೇನು ವಿಚಿತ್ರ?" ಅಂದರು.

ನಿನ್ನೆ ನಾನು ಹೋದಾಗ ಅಪ್ಪನಿಗೆ ಕ್ಷೌರ ನಡೆಯುತ್ತಿತ್ತು. ಅಪ್ಪ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು. ಗಂಟಲಿನ ಮೇಲೆ ಅವನ ಕೈ, ಕೈಯಲ್ಲಿ ಬ್ಲೇಡು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಗ್ಗ ಸವೆದ ಲಿಫ್ಟಿನ ಮೇಲೆ ಹತ್ತಿ ನಿಂತು ಕೆಲಸ ಮಾಡಿದವನು ನಾನು, ಅಂಥ ಭಯ ಎಂದೂ ಆಗಿರಲಿಲ್ಲ. ಅವನು ಮುಗಿಸಿ, ಬಟ್ಟೆಯಿಂದ ಒತ್ತಿ ಒರೆಸಿ, ನನ್ನ ಕಡೆ ತಿರುಗಿ, "ಕೂತ್ಕೊಳ್ಳಿ, ಇವತ್ತು ಮೇಷ್ಟ್ರು ಖುಷಿಯಾಗಿದಾರೆ" ಅಂದ.

ನನ್ನಿಂದ ಆಗುವುದಿಲ್ಲ ಅಕ್ಕ. ಹೊಸ ಜಾಗಕ್ಕೆ ಮುಂಗಡ ಕೊಟ್ಟುಬಿಟ್ಟಿದ್ದೇನೆ. ನೀನು ಒಪ್ಪಿದರೂ ಸರಿ, ಬಿಟ್ಟರೂ ಸರಿ.

ತಮ್ಮ


ಮಾರ್ಚ್ ೫

ಪುಟ್ಟು,

ಮುಂಗಡ ಕೊಟ್ಟಾದ ಮೇಲೆ ನನ್ನ ಒಪ್ಪಿಗೆ ಕೇಳುವುದು, ತೀರ್ಪು ಓದಿದ ಮೇಲೆ ವಾದ ಕೇಳಿದ ಹಾಗೆ.

ಅರ್ಧ ಕಳಿಸುತ್ತೇನೆ. ಅಪ್ಪನಿಗೆ ಒಳ್ಳೆಯ ಕೋಣೆ ಬೇಡ ಅಂತ ಯಾವ ಮಗಳು ಅಂದಾಳು? ನೀನು ಅಷ್ಟು ಹೆದರಿದ್ದು ನಿಜವಿರಬೇಕು, ಆ ಕ್ಷೌರದ ಮಾತು ಮಾತ್ರ ಕಟ್ಟಿ ಬರೆದ ಹಾಗೆ ಕಾಣಲಿಲ್ಲ. ಆದರೆ ಒಂದು ಷರತ್ತು. ಹೊಸ ಜಾಗದ ಕಾಗದಪತ್ರಗಳ ನಕಲು ನನಗೆ ಬರಬೇಕು. ಎಲ್ಲವೂ.

ಮತ್ತು ಒಂದು ಪ್ರಶ್ನೆ. ಅಪ್ಪನನ್ನು ಅಲ್ಲಿ ಎಲ್ಲರೂ "ಅಜ್ಜ" ಅನ್ನುತ್ತಿದ್ದರು. ಈ ಮನುಷ್ಯ "ಮೇಷ್ಟ್ರು" ಅನ್ನುತ್ತಾನೆ. ಅಪ್ಪ ಮೇಷ್ಟರಾಗಿದ್ದದ್ದು ಅವನಿಗೆ ಹೇಗೆ ಗೊತ್ತು?

ಅಕ್ಕ


ಮಾರ್ಚ್ ೨೧

ಅಕ್ಕನಿಗೆ,

ಸೋಮವಾರ ಅಪ್ಪನನ್ನು ಹೊಸ ಜಾಗಕ್ಕೆ ಕರೆದುಕೊಂಡು ಹೋದೆ. ಎಲ್ಲ ಸುಸೂತ್ರವಾಗಿ ಆಯಿತು.

ಕೋಣೆ ನೋಡಿದರೆ ನೀನೇ ಇಲ್ಲಿ ಇರುತ್ತೇನೆ ಅನ್ನುತ್ತೀಯ. ಮಂಚ ಗುಂಡಿ ಒತ್ತಿದರೆ ಏಳುತ್ತದೆ. ಕುರ್ಚಿಗೆ ತೋಳು ಇದೆ, ಗೋಡೆಗೆ ದೋಣಿಯ ಚಿತ್ರ ಇದೆ. ಸ್ವಾಗತದ ಮೇಜಿನ ಮೇಲೆ ದಿನವೂ ತಾಜಾ ಹೂವು. ಅಲ್ಲಿಯ ಹೆಂಗಸು ಅಪ್ಪನ ಕೈ ಹಿಡಿದು, "ಇನ್ಮೇಲೆ ಇದೇ ನಿಮ್ಮನೆ" ಅಂದರು. ಅಪ್ಪ "ಹೂಂ" ಅಂದರು.

ಹೊರಡುವಾಗ ಸ್ವಲ್ಪ ತೊಂದರೆಯಾಯಿತು, ಬರೆಯದಿದ್ದರೆ ನೀನು ಹೇಗೂ ಕೆದಕುತ್ತೀಯ. ಅಪ್ಪ ಆ ಮನುಷ್ಯನ ತೋಳು ಹಿಡಿದುಕೊಂಡು ಬಿಡಲಿಲ್ಲ. ಎಡಗೈಯಲ್ಲಿ ಎಷ್ಟು ಬಲ ಇದೆ ಅಂತ ಅವತ್ತೇ ಗೊತ್ತಾದದ್ದು. ಅವನೇ ಒಂದೊಂದು ಬೆರಳು ಬಿಡಿಸಿದ. ಅಪ್ಪನ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿದ, ಏನೋ ಚೀಟಿ ಕೊಟ್ಟ, ಗಾಡಿಯ ತನಕ ತಳ್ಳುಕುರ್ಚಿ ತಳ್ಳಿದ. ಇಷ್ಟೇ.

ಮೇಷ್ಟರು ಅನ್ನುವುದು ಯಾರಿಗೆ ಗೊತ್ತಾಗುವುದಿಲ್ಲ? ಮಂಚದ ಪಕ್ಕ ಶಾಲೆಯ ಫೋಟೋ ಇಟ್ಟಿದ್ದವಳು ನೀನೇ ಅಲ್ಲವಾ?

ಇನ್ನಾದರೂ ನೆಮ್ಮದಿಯಾಗಿರು.

ತಮ್ಮ


ಏಪ್ರಿಲ್ ೯

ಪುಟ್ಟು,

ನೆಮ್ಮದಿಯಾಗಿರಲು ಬಿಡುತ್ತಿಲ್ಲ ನೀನು.

ನೀನು ಕಳಿಸಿದ ಕಾಗದಪತ್ರಗಳ ಜೊತೆ ಆ ಮನೆಯ ಬಣ್ಣದ ಹೊತ್ತಿಗೆಯೂ ಬಂತು. ಒಂಬತ್ತನೇ ಪುಟದಲ್ಲಿ ಲಿಫ್ಟಿನ ಫೋಟೋ. ಬಾಗಿಲ ಮೇಲೆ ನಿನ್ನ ಕಂಪನಿಯ ಹೆಸರು. ನನ್ನ ಕಣ್ಣಿಗೆ ಮಣ್ಣೆರಚಬೇಕಾದರೆ ಆ ಪುಟ ಹರಿದು ಕಳಿಸಬೇಕಿತ್ತು.

ಈಗ ಎಲ್ಲ ಕೂಡಿ ಬರುತ್ತಿದೆ. ಆತುರ, ಮುಂಗಡ, ಮುಕ್ಕಾಲು ಹಾಕುವ ಔದಾರ್ಯ. ಅವರ ಲಿಫ್ಟು ನೋಡಿಕೊಳ್ಳುವವನು ನೀನು, ಅವರ ಖಾಲಿ ಕೋಣೆ ತುಂಬಿಸಿದವನೂ ನೀನು. ನಿನಗೆ ಇದರಲ್ಲಿ ಏನು ಸಿಕ್ಕಿತು? ಒಬ್ಬ ಬಡ ನೌಕರನ ಮೇಲೆ ಗೂಬೆ ಕೂರಿಸಿ, ಅಪ್ಪನನ್ನು ಗಿರಾಕಿ ಮಾಡಿ ಒಪ್ಪಿಸಿದೆಯಾ?

ನೇರವಾಗಿ ಕೇಳುತ್ತಿದ್ದೇನೆ. ನೇರವಾಗಿ ಉತ್ತರ ಕೊಡು.

ಅಕ್ಕ


ಏಪ್ರಿಲ್ ೧೬

ಅಕ್ಕ,

ಆ ಗುತ್ತಿಗೆ ಎರಡು ವರ್ಷದ ಹಿಂದಿನದು. ತಿಂಗಳಿಗೊಂದು ಸಲ ಹೋಗಿ ಎಣ್ಣೆ ಹಾಕಿ ಬರುತ್ತೇನೆ, ನನಗೆ ಸಿಗುವುದು ಸಂಬಳ. ಆ ಜಾಗ ನನಗೆ ಗೊತ್ತಾದದ್ದೇ ಹಾಗೆ. ಮುಚ್ಚಿಡಬೇಕು ಅಂತ ಇರಲಿಲ್ಲ, ಹೇಳಬೇಕು ಅಂತ ಅನ್ನಿಸಲಿಲ್ಲ, ಅಷ್ಟೇ. ಹೆತ್ತ ಅಪ್ಪನನ್ನು ಮಾರಿಕೊಳ್ಳುವವನು ನಾನು ಅಂತ ನಿನಗೆ ಅನ್ನಿಸಿದರೆ ನಿನ್ನ ಅರ್ಧ ನಿನ್ನ ಹತ್ತಿರವೇ ಇಟ್ಟುಕೊ.

ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ. ತೂಕ ಇಳಿದಿದೆ. ಎರಡು ಸಲ ಕೆಮ್ಮು ಬಂದು ಮುಖ ಕೆಂಪಾಯಿತಂತೆ. ಹೊಸ ಜಾಗ, ಒಗ್ಗಬೇಕು ಅಂತ ಅವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ತಮ್ಮ


ಮೇ ೬

ಪುಟ್ಟು,

ಸಿಟ್ಟು ಮಾಡಿಕೊಳ್ಳುವ ಸರದಿ ಈಗ ನಿನ್ನದು. ಕಳೆದ ವಾರ ನಿಮ್ಮ ಊರಿನಲ್ಲಿ ಮೂರು ದಿನ ಇದ್ದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ನನ್ನ ಜೊತೆಗೇ ಬರುತ್ತಿದ್ದೆ, ನಾನು ನೋಡಬೇಕಾದದ್ದು ಕಾಣುತ್ತಿರಲಿಲ್ಲ.

ಮೊದಲು ಹೊಸ ಮನೆ. ಹೂವು ಇತ್ತು, ದೋಣಿ ಇತ್ತು, ನೀನು ಬರೆದದ್ದೆಲ್ಲ ಇತ್ತು. ಅಪ್ಪ ಆ ತೋಳಿನ ಕುರ್ಚಿಯಲ್ಲಿ ಬಟ್ಟೆಯ ಮೂಟೆಯ ಹಾಗೆ ಒಂದು ಕಡೆಗೆ ಜಾರಿದ್ದರು. ಊಟದ ತಟ್ಟೆ ಬಲಗಡೆ ಇಟ್ಟಿದ್ದರು. ಆ ಕಡೆ ಅವರಿಗೆ ಕಣ್ಣು ಕಾಣುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಒಬ್ಬಳು ಬಂದು, "ಊಟ ಬೇಡ್ವಾ ಅಜ್ಜ?" ಅಂತ ತಟ್ಟೆ ಎತ್ತಿಕೊಂಡು ಹೋದಳು. ಕೆಟ್ಟವಳಲ್ಲ ಅವಳು. ಎಲ್ಲಿಂದಲೋ ದಿನಗೂಲಿಗೆ ಕಳಿಸುತ್ತಾರಂತೆ, ಅವಳಿಗೆ ಅವತ್ತು ಮೊದಲ ದಿನ. ಮೂರು ದಿನದಲ್ಲಿ ಐದು ಮುಖ ನೋಡಿದೆ. ನಾವು ಹೆಚ್ಚಿಗೆ ಕೊಡುತ್ತಿರುವುದು ಹುಲ್ಲುಹಾಸಿಗೆ.

ಎರಡನೇ ದಿನ ಹಳೆಯ ಮನೆಗೆ ಹೋದೆ. ನಿನ್ನ ಕಣ್ಣಿಗಾಗದ ಆ ಮನುಷ್ಯ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದ. ಬಾಗಿಲಲ್ಲಿ ನಿಂತು, "ನಾನು ಮೇಷ್ಟರ ಮಗಳು" ಅಂದೆ. ಕೇಳಿಸಲಿಲ್ಲ. ಜೋರಾಗಿ ಅಂದೆ. ಆಗ ಪೂರ್ತಿ ತಿರುಗಿ, ಬಲಗಿವಿ ಮುಂದೆ ಮಾಡಿ ನನ್ನನ್ನು ನೋಡಿದ. ಆ ತಿರುಗುವ ರೀತಿಯಲ್ಲೇ ನನಗೆ ಗುರುತು ಸಿಕ್ಕಿತು.

ಬತ್ತಿ. ದೀಪದ ಬತ್ತಿಯ ಹಾಗೆ ಇದ್ದನಲ್ಲ, ನಿನ್ನ ಕ್ಲಾಸಿನವನು. ವಿಜ್ಞಾನದ ಬೀರುವಿನಿಂದ ಭೂತಗನ್ನಡಿ ಕದ್ದ ಅಂತ ಅಪ್ಪ ಇಡೀ ಶಾಲೆಯ ಎದುರು ಕೆನ್ನೆಗೆ ಹೊಡೆದಿದ್ದರಲ್ಲ, ಎಡಗಿವಿಯಿಂದ ರಕ್ತ ಬಂದಿತ್ತಲ್ಲ. ಮುಂದಿನ ವಾರದಿಂದ ಅವನು ಶಾಲೆಗೆ ಬರಲಿಲ್ಲ. ಆಮೇಲೆ ಬೀದಿಯಲ್ಲಿ ಯಾರು ಕರೆದರೂ ಹೀಗೇ ತಿರುಗುತ್ತಿದ್ದ.

ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: "ಮೇಷ್ಟ್ರು ನುಂಗ್ತಿದಾರಾ? ಚೀಟಿಲಿ ಎಲ್ಲಾ ಬರೆದಿದ್ನಲ್ಲ. ಎಡಗಡೆಯಿಂದ ಕೊಡಿ, ನೀರಿಗೆ ಪುಡಿ ಹಾಕಿ ಗಟ್ಟಿ ಮಾಡಿ ಕೊಡಿ ಅಂತ."

ಯಾವ ಚೀಟಿ, ಪುಟ್ಟು? ಹೊಸ ಮನೆಯಲ್ಲಿ ಯಾರೂ ಅದನ್ನು ನೋಡಿಲ್ಲ.

ನಾನು ಅವನ ಹತ್ತಿರ ಕೂತು ಕೇಳಿದೆ, ಅಪ್ಪನನ್ನು ಗುರುತಿಸಿದಾಗ ಏನನ್ನಿಸಿತು ಅಂತ. "ಮೊದಲ ದಿನ ಬೇರೆ ವಾರ್ಡ್ ಕೊಡಿ ಅಂದೆ, ಮೇಟ್ರನ್ ಕೊಡ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು. ನಾಲ್ಕು ಹಾಸಿಗೆ ನಂದು. ಒಬ್ಬರಿಗೊಂದು ಥರ, ಇನ್ನೊಬ್ಬರಿಗೊಂದು ಥರ ಮಾಡಕ್ಕೆ ನಂಗೆ ಬರಲ್ಲ" ಅಂದ. ಅಪ್ಪ ನಿನ್ನನ್ನು ಗುರುತಿಸಿದರಾ ಅಂದೆ. "ಮೊದಲ ವಾರ ನನ್ನ ನೋಡಿ ಅಳ್ತಿದ್ರು. ಆದ್ರೆ ಲಕ್ವ ಹೊಡೆದೋರು ಹಂಗೇ ಅಳ್ತಾರೆ, ಅದಕ್ಕೆಲ್ಲ ಕಾರಣ ಹುಡುಕಬಾರದು."

ನೀನು ಅವನನ್ನು ಮೊದಲ ದಿನವೇ ಗುರುತಿಸಿದ್ದೆ. ಹಳೆಯ ಸೇಡು ತೀರಿಸುತ್ತಾನೆ ಅಂತ ಹೆದರಿದೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಹಾಗಂತ ನನಗೆ ಒಂದು ಸಾಲು ಬರೆಯುವುದಕ್ಕೆ ಏನಾಗಿತ್ತು? ಮೂರು ತಿಂಗಳು ನನ್ನನ್ನು ಲಿಫ್ಟು, ಗುತ್ತಿಗೆ ಅಂತ ಅಲೆಸಿದೆಯಲ್ಲ. ಇನ್ನೂ ಏನೋ ಇದೆ. ಬರಿ.

ಅಕ್ಕ


ಮೇ ೧೭

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ.

ಚೀಟಿ ನಾನು ಹೊಸ ಮನೆಯವರಿಗೆ ಕೊಡಲಿಲ್ಲ. ಗಾಡಿಯಲ್ಲಿ ಕೂತು ಓದಿದೆ. ಎರಡು ಕಡೆ ತುಂಬ ಬರೆದಿದ್ದ, ದುಂಡಗಿನ ಅಕ್ಷರ. ಅಪ್ಪ ಕೆಮ್ಮಿದರೆ ಬೆನ್ನು ತಟ್ಟಬೇಡಿ, ಮುಂದಕ್ಕೆ ಬಾಗಿಸಿ ಅಂತ. ರೇಡಿಯೋದಲ್ಲಿ ಸುದ್ದಿ ಹಾಕಿದರೆ ತಿನ್ನುತ್ತಾರೆ, ಹಾಡು ಹಾಕಿದರೆ ನಿಲ್ಲಿಸುತ್ತಾರೆ ಅಂತ. ಮುದುರಿ ಕಿಟಕಿಯಿಂದ ಆಚೆ ಎಸೆದೆ. ಅವನ ಕೈ ಬರಹ ನಮ್ಮ ಜೊತೆ ಬರುವುದು ನನಗೆ ಬೇಡವಾಗಿತ್ತು. ಅಪ್ಪ ಹಿಂದಿನ ಸೀಟಿನಲ್ಲಿದ್ದರು.

ಸೇಡಿಗೆ ಹೆದರಿದೆ ಅಂತ ಬರೆದಿದ್ದೀಯ. ಹಾಗೆ ನಂಬಿಸಿಕೊಳ್ಳುವುದಕ್ಕೆ ನಾನೂ ಬಹಳ ಪ್ರಯತ್ನ ಮಾಡಿದೆ. ಅಪ್ಪನ ಮೈ ಮೇಲೆ ಕಲೆ ಸಿಕ್ಕಾಗ ನನಗೆ ಒಂದು ಥರ ಸಮಾಧಾನವೇ ಆಯಿತು. ಅವನು ಕೆಟ್ಟವನಾಗಿಬಿಟ್ಟರೆ ಸಾಕಿತ್ತು.

ಭೂತಗನ್ನಡಿ ತೆಗೆದವನು ನಾನು.

ಬೀರುವಿನ ಬೀಗ ಅವತ್ತು ಹಾಕಿರಲಿಲ್ಲ. ಬಿಸಿಲಿಗೆ ಹಿಡಿದು ಕಾಗದ ಸುಡಬೇಕು ಅಂತ ಆಸೆ. ಸಂಜೆ ಶಾಲೆಯ ಹಿಂದೆ ನಾಲ್ಕಾರು ಎಲೆ ಸುಟ್ಟೆ. ಮಾರನೇ ದಿನ ವಾಪಸು ಇಡುವಷ್ಟರಲ್ಲಿ ಅಪ್ಪನಿಗೆ ಗೊತ್ತಾಗಿತ್ತು. ಬೀರುವಿನ ಪಕ್ಕದ ಬೆಂಚು ಬತ್ತಿಯದು. ಅಪ್ಪ ಕೇಳಿದರು, ಅವನು ಇಲ್ಲ ಅಂದ. ಇನ್ನೊಂದು ಸಲ ಕೇಳಿದರು, ಇಲ್ಲ ಅಂದ. ಮೂರನೇ ಸಲ ಕೇಳಲಿಲ್ಲ, ಕೈ ಎತ್ತಿದರು. ನಾನು ಅವನಿಂದ ಎರಡು ಹೆಜ್ಜೆ ದೂರ ಇದ್ದೆ, ಗಾಜು ನನ್ನ ಜೇಬಿನಲ್ಲೇ ಇತ್ತು. ಬಿದ್ದ ಅವನನ್ನು ಎಬ್ಬಿಸಿ, "ತಗೊಂಡೆ ಅಂತ ಹೇಳು" ಅಂದರು. ಅವನು "ತಗೊಂಡೆ" ಅಂದ. ಅವತ್ತು ಮಧ್ಯಾಹ್ನವೇ ಅದನ್ನು ಚರಂಡಿಗೆ ಹಾಕಿದೆ.

ನಲವತ್ತೆರಡು ವರ್ಷ. ನನ್ನವಳಿಗೂ ಹೇಳಿಲ್ಲ. ನವೆಂಬರಿನಲ್ಲಿ ಅವನು ಅಪ್ಪನ ಬಾಯಿ ಒರೆಸುತ್ತಿದ್ದದ್ದನ್ನು ನೋಡಿದೆ. ಅವನು ನನ್ನನ್ನು ನೋಡಿ ನಕ್ಕ. ಆ ನಗುವಿನಲ್ಲಿ ಏನಿದೆ ಅಂತ ನನಗೆ ತಿಳಿಯಲಿಲ್ಲ. ಅವತ್ತಿನಿಂದ ನಿದ್ದೆ ಇಲ್ಲ.

ಹೆಚ್ಚಿನ ದುಡ್ಡು ಕೊಟ್ಟು ಅಪ್ಪನನ್ನು ಕಾಪಾಡುತ್ತಿದ್ದೇನೆ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಕಾಪಾಡಿಕೊಂಡದ್ದು ನನ್ನನ್ನು. ಅಪ್ಪ ಅಲ್ಲಿ ಕೂತು ಸವೆಯುತ್ತಿದ್ದಾರೆ.

ಏನು ಮಾಡಲಿ ಹೇಳು.

ನಿನ್ನ ತಮ್ಮ


ಮೇ ೨೫

ಪುಟ್ಟು,

ನಿನ್ನ ಕಾಗದ ಓದಿದೆ. ನಿನಗೆ ಬಯ್ಯುವುದಕ್ಕೆ ನನಗೆ ಬಾಯಿ ಇಲ್ಲ. ಯಾಕೆ ಅಂತ ಕೇಳು.

ಆ ಭೂತಗನ್ನಡಿಯನ್ನು ನಾನು ನೋಡಿದ್ದೆ. ಹಿಂದಿನ ದಿನ ಸಂಜೆ, ನಿನ್ನ ಶಾಲೆಯ ಚೀಲದಲ್ಲಿ ಪೆನ್ಸಿಲು ಹುಡುಕುವಾಗ. ಕಾಲುಚೀಲದಲ್ಲಿ ನೀನು ಸುತ್ತಿಟ್ಟಿದ್ದೆ. ಕೈಗೆ ತೆಗೆದುಕೊಂಡು ನನ್ನ ಹೆಬ್ಬೆರಳಿನ ಗೆರೆ ನೋಡಿ ಮತ್ತೆ ಅಲ್ಲೇ ಇಟ್ಟೆ. ಮಾರನೇ ಬೆಳಿಗ್ಗೆ ಎಂಟನೇ ಕ್ಲಾಸಿನ ಸಾಲಿನಲ್ಲಿ ನಿಂತಿದ್ದೆ. ಆ ಏಟಿನ ಸದ್ದು ನಮ್ಮ ಸಾಲಿನ ತನಕ ಬಂತು. ನೀನು ಹತ್ತು ವರ್ಷದ ಹುಡುಗ, ಅಪ್ಪನಿಗೆ ಹೆದರಿದೆ. ನಾನು ಹದಿಮೂರರವಳು. ನನಗೆ ಹೆದರಿಕೆಯೂ ಆಗಿರಲಿಲ್ಲ. ಮನೆಯ ಮರ್ಯಾದೆ ಉಳಿಯಿತು ಅನ್ನಿಸಿತ್ತು.

ಅದಾದ ಮೇಲೆ ಬದುಕೆಲ್ಲ ಕಂಡವರ ಸಾಕ್ಷಿ ಬರೆದುಕೊಂಡೆ. ನನ್ನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಳೆಯ ಮನೆಯಲ್ಲಿ ಅವನ ಎದುರು ಕೂತಿದ್ದಾಗಲೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ನಿನ್ನನ್ನು ಹಿಡಿದುಕೊಟ್ಟ ಹಾಗೆ ಆಗುತ್ತದೆ ಅಂತ ನೆಪ. "ಇನ್ನೂ ಏನೋ ಇದೆ, ಬರಿ" ಅಂತ ನಿನ್ನನ್ನು ಗದರಿಸಿದೆನಲ್ಲ, ಆ ಏನೋ ನನಗೂ ಗೊತ್ತಿತ್ತು.

ಏನು ಮಾಡಲಿ ಅಂತ ಕೇಳಿದ್ದೀಯ. ಅಪ್ಪನನ್ನು ವಾಪಸು ಕರೆದುಕೊಂಡು ಬಾ. ಮುಂಗಡ ಹೋದರೆ ಹೋಗಲಿ. ಆದರೆ ಹಾಸಿಗೆ ಕೇಳುವ ಮೊದಲು ಅವನಿಗೆ ಹೇಳು. ಹೇಳದೆ ಅಪ್ಪನನ್ನು ಮತ್ತೆ ಅವನ ಕೈಗೆ ಇಟ್ಟರೆ ಎರಡನೇ ಸಲ ಮೋಸ ಮಾಡಿದ ಹಾಗೆ. ಬರೆದು ಕಳಿಸಬೇಡ, ಎದುರು ನಿಂತು ಹೇಳು. ನನ್ನ ಪಾಲಿನದನ್ನೂ ಹೇಳಿಬಿಡು.

ಅಕ್ಕ


ಜೂನ್ ೧೯

ಅಕ್ಕ,

ಹೇಳಿದೆ.

ಸಂಜೆ ನಾಲ್ಕಕ್ಕೆ ಅವನ ಪಾಳಿ ಮುಗಿಯುತ್ತದೆ. ಹಿಂದಿನ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. "ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಅಂದೆ. "ಹಾಸಿಗೆ ವಿಷಯ ಆದ್ರೆ ಮೇಟ್ರನ್‌ನ ಕೇಳಿ" ಅಂದ. ನಾನು ಹೇಳತೊಡಗಿದೆ. ಪೂರ್ತಿ ಹೇಳಿ ಮುಗಿಸಿದೆ. ಅವನು ತೊಳೆಯುತ್ತಲೇ ಇದ್ದ. ಆಮೇಲೆ ತಿಳಿಯಿತು, ನಾನು ನಿಂತದ್ದು ಅವನ ಎಡಕ್ಕೆ. ನೀರಿನ ಸದ್ದಿನಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ನಲ್ಲಿ ನಿಲ್ಲಿಸಿ, "ಏನಂದ್ರಿ?" ಅಂದ. ಬಲಕ್ಕೆ ಬಂದು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಎರಡನೇ ಸಲ ಇನ್ನೂ ಕಷ್ಟ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕಟ್ಟೆಯ ಮೇಲೆ ಕೂತ. ಕೈ ಒರೆಸಿಕೊಳ್ಳುತ್ತಾ ಹೇಳಿದ.

"ನಾನು ಅದನ್ನ ಎಲ್ಲಿಟ್ಟೆ ಅಂತ ಎಷ್ಟು ಯೋಚನೆ ಮಾಡಿದೀನಿ ಗೊತ್ತಾ? ತಗೊಂಡೆ ಅಂತ ನಾನೇ ಹೇಳಿದ್ನಲ್ಲ. ಎಲ್ಲಿದೆ ಅಂತ ಮನೇಲೂ ಕೇಳಿ ಕೇಳಿ ಹೊಡೆದ್ರು. ನೆನಪಾಗ್ಲಿಲ್ಲ. ಏಟಿಗೆ ಮರ್ತೋಗಿದೆ ಅಂದ್ಕೊಂಡೆ. ವರ್ಷಗಟ್ಲೆ ಹುಡುಕಿದೀನಿ. ಶಾಲೆ ಹಿಂದೆ, ನಮ್ಮನೆ ಮಾಡಿನ ಸಂದೀಲಿ. ದೊಡ್ಡವನಾದ್ಮೇಲೂ ಒಂದ್ಸಲ ಹೋಗಿ ಹುಡುಕಿದೀನಿ."

"ಚರಂಡಿಗೆ ಹಾಕಿದೆ" ಅಂದೆ.

"ಯಾವ ಚರಂಡಿ?"

"ಗೇಟಿನ ಹತ್ರದ್ದು."

"ಅಲ್ಲಿ ನೋಡಿರ್ಲಿಲ್ಲ" ಅಂದ.

ಅಕ್ಕ, ನಾನು ಅವನ ಕಾಲು ಹಿಡಿಯುವುದಕ್ಕೆ ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡ. "ಅದೆಲ್ಲ ಬೇಡ. ನಮ್ಮಮ್ಮ ಇದಾಳೆ, ಎಂಬತ್ತು. ಅವಳಿಗೆ ಹೇಳಿ. ನಾನು ಮನೇಲಿದ್ರೆ ಇವತ್ತಿಗೂ ಬೀರು ಕೀ ಕೊರಳಿಗೆ ಹಾಕ್ಕೊಂಡೇ ಓಡಾಡ್ತಾಳೆ" ಅಂದ.

ಅವತ್ತೇ ಹೋದೆ. ಅವನು ಮನೆಯ ತನಕ ಬರಲಿಲ್ಲ, ವಿಳಾಸ ಬರೆದುಕೊಟ್ಟು ಅವರ ಬೀದಿಯ ಕೊನೆಯ ಬಸ್ಸು ನಿಲ್ದಾಣದಲ್ಲಿ ಕೂತ. ಮೂರು ಮಹಡಿ ಹತ್ತಿದೆ. ಆ ಮುದುಕಿ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ಎಲ್ಲ ಕೇಳಿಸಿಕೊಂಡರು. ಕೊರಳಲ್ಲಿ ದಾರ, ದಾರದಲ್ಲಿ ಕೀಲಿ ಇತ್ತು.

"ಯಾವ ಗಾಜು?" ಅಂದರು.

ಮತ್ತೆ ಹೇಳಿದೆ. ಹೆಡ್ ಮೇಷ್ಟ್ರು, ಶಾಲೆ, ಬೀರು.

"ನಂಗೆ ಅದೆಲ್ಲ ನೆನಪಿಲ್ಲಪ್ಪ. ನನ್ನ ಮಗ ಕದಿಯೋನಲ್ಲ. ಯಾರಂದಿದ್ದು ಅವನು ಕಳ್ಳ ಅಂತ?"

"ಹಾಗಾದ್ರೆ ಕೀ..." ಅಂದೆ.

ಕೀಲಿ ಕೈಯಲ್ಲಿ ಹಿಡಿದು ನೋಡಿಕೊಂಡರು. "ಇದಾ? ಇದು ಯಾವಾಗ್ಲೂ ಇಲ್ಲೇ ಇರೋದು" ಅಂದರು.

ಕೆಳಗೆ ಬಂದು ಅವನಿಗೆ ಇದನ್ನೇ ಹೇಳಿದೆ, ಒಂದು ಮಾತೂ ಬದಲಿಸದೆ. ಅವನು ನಗುತ್ತಾನೋ ಅಳುತ್ತಾನೋ ತಿಳಿಯದ ಹಾಗೆ ಮುಖ ಆ ಕಡೆ ಮಾಡಿದ. ಎರಡು ಬಸ್ಸು ಬಂದು ಹೋದವು. ಆಮೇಲೆ ಎದ್ದು ಮನೆಗೆ ಹೋದ.

ಮೊನ್ನೆ ಸೋಮವಾರ ಅಪ್ಪನನ್ನು ನಾಲ್ಕು ಹಾಸಿಗೆಯ ಕೋಣೆಗೆ ವಾಪಸು ಕರೆತಂದೆ. ಕಿಟಕಿಯ ಪಕ್ಕದ ಮುದುಕನನ್ನು ಮಗಳು ಕರೆದುಕೊಂಡು ಹೋಗಿದ್ದಳು, ಆ ಜಾಗ ಸಿಕ್ಕಿತು. ಮೇಟ್ರನ್ ನನ್ನ ಮುಖ ನೋಡದೆ ಸಹಿ ಹಾಕಿಸಿಕೊಂಡರು. ಬೇರೆಯವರಿಗೆ ಹೇಳಿ ತಿನ್ನಿಸಿ, ನಿಮಗೆ ಬೇಡವಾದರೆ ನಾನು ತಪ್ಪು ತಿಳಿಯುವುದಿಲ್ಲ ಅಂತ ಅವನಿಗೆ ಹೇಳಿದ್ದೆ. ಮಧ್ಯಾಹ್ನ ತಟ್ಟೆ ಹಿಡಿದು ಅವನೇ ಬಂದ. ಅಪ್ಪನ ಎಡಕ್ಕೆ ಕುರ್ಚಿ ಎಳೆದುಕೊಂಡು ಕೂತ. ಅಪ್ಪ ಬಾಯಿ ತೆರೆದರು. ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಐವತ್ತು ನಿಮಿಷ ಆಯಿತು, ತಟ್ಟೆ ಖಾಲಿಯಾಯಿತು.

ಹೊರಗೆ ಬಂದಾಗ ನನಗೆ ಹೇಳಿದ: "ಗುರುವಾರ ನಂಗೆ ರಜ. ನೀವು ಗುರುವಾರ ಬನ್ನಿ. ಬೇರೆ ದಿನ ಬೇಡ." ಆಗಲಿ ಅಂದೆ. ಅಪ್ಪನಿಗೂ ಎಲ್ಲ ಹೇಳಿದ್ದೇನೆ. "ಹೂಂ" ಅಂದರು. ಅದರಲ್ಲಿ ಏನಿತ್ತೋ ಗೊತ್ತಿಲ್ಲ.

ನಿನ್ನ ಪಾಲಿನದನ್ನೂ ಹೇಳಲು ಹೋದೆ. "ನಮ್ಮಕ್ಕನಿಗೂ ಗೊತ್ತಿತ್ತು" ಅನ್ನುವಷ್ಟರಲ್ಲಿ ಕೈ ಎತ್ತಿ ತಡೆದ. "ಅವರ ಮಾತು ಅವರೇ ಹೇಳ್ಲಿ" ಅಂದ.

ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅವನಿಗೆ ಪಾಳಿ ಇಲ್ಲವಂತೆ, ಮನೆಯಲ್ಲಿರುತ್ತಾನೆ. ಯಾವ ರೈಲು ಅಂತ ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ. ಮೆಟ್ಟಿಲ ಬುಡದ ತನಕ ನಾನು ಜೊತೆಗಿರುತ್ತೇನೆ. ಮೇಲಕ್ಕೆ ನೀನೊಬ್ಬಳೇ ಹೋಗಬೇಕು.

ನಿನ್ನ ತಮ್ಮ